ನಕಲು ಮಾಡುವ ಹಕ್ಕು: ಹಾರ್ಡ್ ಡಿಸ್ಕಿನ ಪ್ರತಿಗೊಂದು ಚರಿತ್ರೆ



34 ವರ್ಷಗಳ ಅಧ್ಯಾಪಕ ವೃತ್ತಿಯಲ್ಲಿ ನಾನು ಅತಿ ಹೆಚ್ಚು ಬಾರಿ ಆಡಿದ ಎಚ್ಚರಿಕೆಯ ಮಾತು ಯಾವುದೆಂದು ಕೇಳಿದರೆ ನಿಮ್ಮಲ್ಲಿ ಬಹುತೇಕರು ತಡವರಿಸದೆ ಉತ್ತರಿಸುವಿರಿ: ‘ನಕಲು ಮಾಡಬೇಡಿ.’ ಪರೀಕ್ಷಾ ಕೊಠಡಿಯಲ್ಲಿ ಪಕ್ಕದವನ ಉತ್ತರಪತ್ರಿಕೆಯತ್ತ ಕತ್ತು ಚಾಚಿದವರನ್ನು ಬಾಗಿಲ ಹೊರಗೆ ನಿಲ್ಲಿಸಿದ್ದೇನೆ. ಅಂತಹ ನಾನು ಇಂದು ನಕಲು ಮಾಡುವುದರ ಮಹತ್ವವನ್ನು ಕುರಿತು ಬರೆಯಲು ಕುಳಿತಿರುವುದು ನಿಮಗೆ ನಗೆ ತರಿಸಬಹುದು. ಆದರೆ ನಾನು ಹೇಳಹೊರಟಿರುವುದು ಗಣಕಯಂತ್ರದ ಹಾರ್ಡ್ ಡಿಸ್ಕಿನ ನಕಲಿನ ವಿಚಾರ. ಆ ನಕಲನ್ನು ಯಾರು ಬೇಕಾದರೂ ಮಾಡಿಕೊಳ್ಳಬಹುದೆಂಬ ಸ್ಥಿತಿ ತಾನಾಗಿ ಬಂದುದಲ್ಲ. ಅದರ ಹಿಂದೆ ಐವತ್ತು ವರ್ಷಗಳಿಗೂ ಮಿಕ್ಕಿದ ಚರಿತ್ರೆಯಿದೆ. ಆ ಚರಿತ್ರೆಯನ್ನು ನಾನು ಕಲಿತದ್ದು ಒಂದು ನಷ್ಟದಿಂದ. ಮೊದಲು ಆ ನಷ್ಟದ ಕಥೆಯನ್ನು ಹೇಳಿಬಿಡುತ್ತೇನೆ.

2010ರಲ್ಲಿ ನಮ್ಮ ಶಾಲೆಯ ಸುವರ್ಣ ಮಹೋತ್ಸವ ನಡೆದುದು ನಿಮ್ಮಲ್ಲಿ ಅನೇಕರಿಗೆ ನೆನಪಿರಬೇಕು. ಅದರ ಸ್ಮರಣ ಸಂಚಿಕೆಯ ಹೊಣೆ ನನ್ನ ಮೇಲಿತ್ತು. ಮೂರು ವರ್ಷಗಳ ಮೊದಲೇ ಕೆಲಸ ಆರಂಭಿಸಿ, ಹಳೆಯ ದಾಖಲಾತಿ ಪುಸ್ತಕಗಳಿಂದ ವಿದ್ಯಾರ್ಥಿಗಳ ಹೆಸರುಗಳನ್ನು ಒಂದೊಂದಾಗಿ ಬೆರಳಚ್ಚು ಮಾಡಿದ್ದೆ. ಹಿರಿಯ ಸಹೋದ್ಯೋಗಿಗಳ ನೆನಪುಗಳನ್ನು ಸಂಗ್ರಹಿಸಿದ್ದೆ. ನಮ್ಮ ಕನ್ನಡ ಪಂಡಿತರಿಗೆ ಆ ವೇಳೆಗೆ ದೃಷ್ಟಿ ಮಂದವಾಗಿತ್ತು. ಆದುದರಿಂದ ಅವರು ಹೇಳುತ್ತ ಹೋದಂತೆ ನಾನು ನೇರವಾಗಿ ಗಣಕದಲ್ಲಿಯೇ ಬರೆದುಕೊಂಡೆ. ಎಂಟು ಭಾನುವಾರಗಳಲ್ಲಿ ಹದಿನೆಂಟು ಪುಟಗಳಾದವು. ಶಾಲೆ ಒಂದು ಹಂಚಿನ ಮನೆಯಲ್ಲಿ ಆರಂಭವಾದ ದಿನಗಳನ್ನು ಕಣ್ಣಾರೆ ಕಂಡವರು ನಮ್ಮ ಪೈಕಿ ಅವರೊಬ್ಬರೇ ಉಳಿದಿದ್ದರು. 2009ರ ಆರಂಭದಲ್ಲಿ ಅವರು ತೀರಿಕೊಂಡರು.

ಅದೇ ವರ್ಷದ ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ವಿದ್ಯುತ್ ಹೋಗಿ ಬಂದ ಮೇಲೆ ನನ್ನ ಗಣಕ ಮತ್ತೆ ಆರಂಭವಾಗಲಿಲ್ಲ. ಕಪ್ಪು ಪರದೆಯ ಮೇಲೆ ಡಿಸ್ಕನ್ನು ಓದಲಾಗುತ್ತಿಲ್ಲವೆಂಬ ಒಂದು ಸಾಲು ಮಾತ್ರ ಕಂಡಿತು. ನಾನು ಗಾಬರಿಯಾಗಲಿಲ್ಲ. ಏಕೆಂದರೆ ಪ್ರತಿಯೊಂದು ಕಡತವನ್ನೂ ‘ಡಿ’ ಡ್ರೈವಿಗೆ ತಪ್ಪದೆ ನಕಲು ಮಾಡಿ ಇಟ್ಟಿದ್ದೆ. ಬೆಂಗಳೂರಿನಲ್ಲಿ ಗಣಕ ಕ್ಷೇತ್ರದಲ್ಲಿದ್ದ ಹಳೆಯ ವಿದ್ಯಾರ್ಥಿಯೊಬ್ಬನಿಗೆ ದೂರವಾಣಿ ಮಾಡಿ, “ಸಿ ಡ್ರೈವ್ ಹೋಗಿದೆ ಕಣಯ್ಯ, ಡಿ ಡ್ರೈವಿನಿಂದ ಹೇಗೆ ತೆಗೆಯುವುದು ಹೇಳು” ಎಂದೆ. ಆತ ಒಂದು ಕ್ಷಣ ಮೌನವಾಗಿದ್ದು, “ಸಾರ್, ಸಿ, ಡಿ ಎರಡೂ ಒಂದೇ ಡಿಸ್ಕಿನ ಎರಡು ಕೋಣೆಗಳು. ಮನೆಗೇ ಬೆಂಕಿ ಬಿದ್ದರೆ ಕೋಣೆ ಯಾವುದಾದರೇನು? ಇನ್ನು ಅದನ್ನು ಚಾಲೂ ಮಾಡಬೇಡಿ, ನಾನು ಬರುತ್ತೇನೆ” ಎಂದ. ಮಾತಿನಂತೆ ಶನಿವಾರ ಬಂದ. ಜೊತೆಯಲ್ಲಿ ಒಂದು ಸಿ.ಡಿ. ಮತ್ತು ಒಂದು ಹೊಸ ಡಿಸ್ಕು ತಂದಿದ್ದ. ಎರಡು ರಾತ್ರಿ ಆ ಯಂತ್ರ ಮಿಣುಕುತ್ತ ಕೆಲಸ ಮಾಡಿತು. ಸುಮಾರು ಮುಕ್ಕಾಲು ಪಾಲು ಕಡತಗಳು ಮರಳಿದವು. ಪಂಡಿತರ ಹದಿನೆಂಟು ಪುಟಗಳು ಮರಳಲಿಲ್ಲ. ಸ್ಮರಣ ಸಂಚಿಕೆಯಲ್ಲಿ ಅವರ ಭಾವಚಿತ್ರದ ಕೆಳಗೆ ನಾನು ಬರೆದ ಅರ್ಧ ಪುಟದ ಶ್ರದ್ಧಾಂಜಲಿ ಮಾತ್ರ ಅಚ್ಚಾಯಿತು.

ಆತ ತಂದ ಸಿ.ಡಿ.ಗೆ ಎಷ್ಟು ಹಣ ಕೊಡಬೇಕೆಂದು ಕೇಳಿದಾಗ, “ಇದು ಮುಕ್ತ ತಂತ್ರಾಂಶ ಸಾರ್. ನೀವೂ ನಕಲು ಮಾಡಿಕೊಂಡು ನಾಲ್ಕು ಜನರಿಗೆ ಕೊಡಬಹುದು” ಎಂದ. ಆ ಮಾತಿನ ಜಾಡು ಹಿಡಿದು ಓದತೊಡಗಿದೆ. ಓದಿದ್ದನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಹಾರ್ಡ್ ಡಿಸ್ಕಿನ ಚರಿತ್ರೆ ಒಬ್ಬ ಶಾಲಾ ಮೇಷ್ಟ್ರಿಂದ ಆರಂಭವಾಗುತ್ತದೆಯೆಂದರೆ ನಿಮಗೆ ಆಶ್ಚರ್ಯವಾದೀತು. ಅಮೆರಿಕದ ಮಿಷಿಗನ್ ಪ್ರಾಂತದಲ್ಲಿ ಪ್ರೌಢಶಾಲಾ ವಿಜ್ಞಾನ ಶಿಕ್ಷಕರಾಗಿದ್ದ ರೆನಾಲ್ಡ್ ಜಾನ್ಸನ್ ಎಂಬವರು 1930ರ ದಶಕದಲ್ಲಿ ಸೀಸದ ಕಡ್ಡಿಯ ಗುರುತುಗಳನ್ನು ವಿದ್ಯುತ್ತಿನ ಮೂಲಕ ಗುರುತಿಸಿ ಉತ್ತರಪತ್ರಿಕೆಗೆ ಅಂಕ ಕೊಡುವ ಯಂತ್ರವನ್ನು ಕಲ್ಪಿಸಿದರು. (ಮೌಲ್ಯಮಾಪನ ಕೇಂದ್ರಗಳಲ್ಲಿ ಬೇಸಗೆ ಕಳೆದ ನನ್ನಂತಹವರಿಗೆ ಅವರ ಕಷ್ಟ ಅರ್ಥವಾಗುತ್ತದೆ!) ಐಬಿಎಂ ಸಂಸ್ಥೆ ಆ ಯಂತ್ರದ ಜೊತೆಗೆ ಅವರನ್ನೂ ಕೆಲಸಕ್ಕೆ ಸೇರಿಸಿಕೊಂಡಿತು. ಮುಂದೆ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ಅವರ ಮುಂದಾಳತ್ವದಲ್ಲಿ ರೂಪುಗೊಂಡ ಡಿಸ್ಕ್ ಘಟಕವು 1956ರ ಸೆಪ್ಟೆಂಬರ್ ತಿಂಗಳಲ್ಲಿ ‘ರಾಮ್ಯಾಕ್’ ಎಂಬ ಗಣಕದ ಅಂಗವಾಗಿ ಹೊರಬಂದಿತು. 24 ಅಂಗುಲ ವ್ಯಾಸದ 50 ತಟ್ಟೆಗಳು ಒಂದರ ಮೇಲೊಂದು ತಿರುಗುತ್ತಿದ್ದ ಆ ಘಟಕದಲ್ಲಿ 50 ಲಕ್ಷ ಅಕ್ಷರಗಳು ಹಿಡಿಸುತ್ತಿದ್ದವು. ಇಂದಿನ ಲೆಕ್ಕದಲ್ಲಿ ಅದು ನಾಲ್ಕು ಮೆಗಾಬೈಟಿಗೂ ಕಡಿಮೆ. ಇಂದಿನ ಕೈಫೋನಿನಲ್ಲಿ ತೆಗೆದ ಒಂದೇ ಒಂದು ಚಿತ್ರಕ್ಕೂ ಅನೇಕ ಸಲ ಅಷ್ಟು ಜಾಗ ಸಾಲದು.

ತಿರುಗುವ ತಟ್ಟೆ, ಅದನ್ನು ಮುಟ್ಟದೆ ಅದರ ಮೇಲೆ ತೇಲುತ್ತ ಕಾಂತೀಯ ಗುರುತುಗಳನ್ನು ಓದುವ ತಲೆ: ಈ ಮೂಲತತ್ತ್ವ ಇಂದಿಗೂ ಬದಲಾಗಿಲ್ಲ. ಬದಲಾಗಿರುವುದು ಅಂತರ. ಇಂದಿನ ಡಿಸ್ಕಿನಲ್ಲಿ ಆ ತಲೆ ತಟ್ಟೆಯಿಂದ ಕೆಲವೇ ನ್ಯಾನೊಮೀಟರ್ ಎತ್ತರದಲ್ಲಿ ತೇಲುತ್ತದೆ. ನ್ಯಾನೊಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದ ಒಂದು ಭಾಗವೆಂಬುದನ್ನು ನೀವು ಮರೆತಿರಲಾರಿರಿ. ಇಷ್ಟು ಸೂಕ್ಷ್ಮವಾದ ಯಂತ್ರ ಎಂದಾದರೊಂದು ದಿನ ಕೆಡುವುದು ಸಹಜ. ಕೆಡದೆ ವರ್ಷಗಟ್ಟಲೆ ನಡೆಯುವುದೇ ಸೋಜಿಗ. ಕೆಡುವ ಮೊದಲು ಮುನ್ಸೂಚನೆ ಕೊಡುತ್ತದೆಂದು ನಂಬುವಂತೆಯೂ ಇಲ್ಲ. ಗೂಗಲ್ ಸಂಸ್ಥೆಯ ಸಂಶೋಧಕರು ಒಂದು ಲಕ್ಷಕ್ಕೂ ಮಿಕ್ಕಿದ ಡಿಸ್ಕುಗಳನ್ನು ಗಮನಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೆಟ್ಟ ಡಿಸ್ಕುಗಳ ಪೈಕಿ ಶೇಕಡಾ 56ರಷ್ಟು ಡಿಸ್ಕುಗಳು ಅತ್ಯಂತ ಪ್ರಬಲವೆನಿಸಿದ ನಾಲ್ಕು ಎಚ್ಚರಿಕೆಯ ಲಕ್ಷಣಗಳಲ್ಲಿ ಒಂದನ್ನೂ ತೋರಿರಲಿಲ್ಲ. ಈಚಿನ ಎಸ್‌ಎಸ್‌ಡಿಗಳಲ್ಲಿ ತಿರುಗುವ ತಟ್ಟೆ ಇಲ್ಲ, ನಿಜ. ಆದರೆ ಅವೂ ಚಿರಂಜೀವಿಗಳಲ್ಲ, ಸದ್ದಿಲ್ಲದೆ ನಿಂತುಹೋಗುತ್ತವೆ.

ಹೀಗಿರಲು ನಕಲು ಅನಿವಾರ್ಯವಾಯಿತು. ಅದರ ಮೊದಲ ಸಾಧನಗಳಲ್ಲಿ ಒಂದು ಹುಟ್ಟಿದ್ದು ಬೆಲ್ ಪ್ರಯೋಗಾಲಯದಲ್ಲಿ. ಅಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚೀ 1969ರಲ್ಲಿ ಯುನಿಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯನ್ನು ಆರಂಭಿಸಿದರು. 1974ರ ಅದರ ಐದನೆಯ ಆವೃತ್ತಿಯಲ್ಲಿ ‘ಡಿಡಿ’ ಎಂಬ ಎರಡಕ್ಷರದ ಆದೇಶ ಕಾಣಿಸಿಕೊಂಡಿತು. ಐಬಿಎಂ ಗಣಕಗಳ ಆದೇಶಭಾಷೆಯಲ್ಲಿ ದತ್ತಾಂಶವನ್ನು ನಿರೂಪಿಸಲು ಬಳಸುತ್ತಿದ್ದ ‘ಡಿಡಿ’ ಎಂಬ ಪದವನ್ನೇ ಇದರ ಹೆಸರು ನೆನಪಿಸುತ್ತದೆಂದು ರಿಚೀ ತಿಳಿಸಿದ್ದಾರೆ. ಯುನಿಕ್ಸಿನ ಒಂದು ಮೂಲವಿಚಾರವೆಂದರೆ, ಅಲ್ಲಿ ಇಡೀ ಡಿಸ್ಕು ಕೂಡ ಒಂದು ಕಡತದಂತೆಯೇ ಕಾಣುತ್ತದೆ. ಆದುದರಿಂದ ಎಲ್ಲಿಂದ ಓದಬೇಕು, ಎಲ್ಲಿಗೆ ಬರೆಯಬೇಕು ಎಂಬ ಎರಡು ಹೆಸರು ಕೊಟ್ಟರೆ ಸಾಕು. ‘ಡಿಡಿ’ ಮೊದಲ ಬೈಟಿನಿಂದ ಕೊನೆಯ ಬೈಟಿನವರೆಗೆ ಸುಮ್ಮನೆ ನಕಲು ಮಾಡುತ್ತ ಹೋಗುತ್ತದೆ. ಒಳಗಿರುವುದು ಪತ್ರವೋ ಚಿತ್ರವೋ ಖಾಲಿ ಜಾಗವೋ ಎಂದು ಅದು ಕೇಳುವುದಿಲ್ಲ. ಅರ್ಥ ತಿಳಿಯದಿದ್ದರೂ ಒಂದಕ್ಷರ ಬಿಡದೆ ಬರೆದುಕೊಳ್ಳುವ ಶ್ರದ್ಧಾವಂತ ಲಿಪಿಕಾರನಂತೆ.

ಆದರೆ ಎರಡು ಹೆಸರುಗಳನ್ನು ಅದಲುಬದಲು ಮಾಡಿದರೆ ಅದೇ ಶ್ರದ್ಧೆಯಿಂದ ಖಾಲಿ ಡಿಸ್ಕನ್ನು ತುಂಬಿದ ಡಿಸ್ಕಿನ ಮೇಲೆ ಬರೆದು ಎಲ್ಲವನ್ನೂ ಅಳಿಸಿಹಾಕುತ್ತದೆ! ‘ಡಿಡಿ’ ಎಂದರೆ ‘ಡಿಸ್ಕ್ ಡಿಸ್ಟ್ರಾಯರ್’ ಎಂದು ಗಣಕತಜ್ಞರು ಹಾಸ್ಯ ಮಾಡುವುದು ಈ ಕಾರಣಕ್ಕೆ. ಮೂಲ ಯಾವುದು, ಪ್ರತಿ ಯಾವುದು ಎಂದು ಎರಡು ಬಾರಿ ನೋಡಿಕೊಂಡು ಮುಂದುವರಿಯುವುದು ಈ ಕೆಲಸದ ಮೊದಲ ಪಾಠ.

ಇಲ್ಲಿಂದ ನಮ್ಮ ಕಥೆ ಯಂತ್ರದಿಂದ ಹಕ್ಕಿನತ್ತ ಹೊರಳುತ್ತದೆ. ಬೆಲ್ ಪ್ರಯೋಗಾಲಯದ ಒಡೆತನವಿದ್ದ ಎಟಿ ಅಂಡ್ ಟಿ ಕಂಪನಿಯು ಅಮೆರಿಕ ಸರ್ಕಾರದೊಡನೆ 1956ರಲ್ಲಿ ಆದ ಒಪ್ಪಂದದ ಕಾರಣ ದೂರವಾಣಿಯ ಹೊರತಾದ ವ್ಯಾಪಾರಗಳಿಗೆ ಕೈಹಾಕುವಂತಿರಲಿಲ್ಲ. ಹಾಗಾಗಿ ಯುನಿಕ್ಸ್ ಅದರ ಮೂಲಪಾಠದ ಸಮೇತ ವಿಶ್ವವಿದ್ಯಾಲಯಗಳಿಗೆ ಅಲ್ಪ ಶುಲ್ಕಕ್ಕೆ ದೊರೆಯಿತು. ಮೂಲಪಾಠವೆಂದರೆ ತಂತ್ರಾಂಶವನ್ನು ಬರೆದವರು ಬರೆದ ರೂಪ. ಅದಿದ್ದರೆ ಅದರ ಒಳಮರ್ಮವನ್ನು ಓದಿ ತಿದ್ದಬಹುದು. 1984ರಲ್ಲಿ ಆ ಕಂಪನಿ ಒಡೆದು ಭಾಗವಾದಾಗ ಹಳೆಯ ಕಟ್ಟು ಸಡಿಲವಾಗಿ ಯುನಿಕ್ಸ್ ಮಾರಾಟದ ಸರಕಾಯಿತು. ಅದೇ 1984ರ ಜನವರಿಯಲ್ಲಿ ರಿಚರ್ಡ್ ಸ್ಟಾಲ್ಮನ್ ಎಂಬವರು ಎಂಐಟಿ ಸಂಸ್ಥೆಯ ಉದ್ಯೋಗವನ್ನು ಬಿಟ್ಟು, ಯುನಿಕ್ಸಿನಂತೆಯೇ ನಡೆಯುವ ಆದರೆ ಎಲ್ಲರಿಗೂ ಮುಕ್ತವಾದ ‘ಗ್ನೂ’ ಎಂಬ ವ್ಯವಸ್ಥೆಯನ್ನು ಬರೆಯಲು ಕುಳಿತರು. ಅದನ್ನು ಅವರು 1983ರ ಸೆಪ್ಟೆಂಬರ್ 27ರಂದೇ ಘೋಷಿಸಿದ್ದರು.

ಅವರ ಸಿಟ್ಟಿಗೆ ಕಾರಣವಾದ ಪ್ರಸಂಗಗಳಲ್ಲಿ ಒಂದು ಮುದ್ರಣಯಂತ್ರದ್ದು. ಹಳೆಯ ಯಂತ್ರದಲ್ಲಿ ಕಾಗದ ಸಿಕ್ಕಿಕೊಂಡರೆ ಕಾಯುತ್ತಿರುವವರಿಗೆಲ್ಲ ಸುದ್ದಿ ಮುಟ್ಟುವಂತೆ ಅವರು ತಂತ್ರಾಂಶವನ್ನು ತಿದ್ದಿಕೊಂಡಿದ್ದರು. ಹೊಸ ಯಂತ್ರ ಬಂದಾಗ ಅದರ ಮೂಲಪಾಠ ದೊರೆಯಲಿಲ್ಲ. ಅದನ್ನು ಇಟ್ಟುಕೊಂಡಿದ್ದ ಬೇರೊಂದು ವಿಶ್ವವಿದ್ಯಾಲಯದವರು, ಯಾರಿಗೂ ಕೊಡುವುದಿಲ್ಲವೆಂದು ಬರೆದುಕೊಟ್ಟಿರುವುದಾಗಿ ಹೇಳಿ ನಿರಾಕರಿಸಿದರು. ನೆರೆಯವನಿಗೆ ನೆರವಾಗುವುದನ್ನೇ ತಪ್ಪೆನ್ನುವ ಒಪ್ಪಂದ ಅವರಿಗೆ ಅನ್ಯಾಯವಾಗಿ ಕಂಡಿತು. ಅವರು ರೂಪಿಸಿದ ‘ಜಿಪಿಎಲ್’ ಪರವಾನಗಿ 1989ರಲ್ಲಿ ಪ್ರಕಟವಾಯಿತು. ತಂತ್ರಾಂಶವನ್ನು ಬಳಸಲು, ಅದರ ಒಳಮರ್ಮ ತಿಳಿದು ತಿದ್ದಲು, ನಕಲು ಮಾಡಿ ಹಂಚಲು, ತಿದ್ದಿದ್ದನ್ನೂ ಹಂಚಲು ಅದು ಅನುಮತಿ ಕೊಡುತ್ತದೆ. ಪಡೆದವನು ಮುಂದಿನವರಿಗೆ ಅದೇ ಹಕ್ಕನ್ನು ಕೊಡಬೇಕೆಂಬುದೊಂದೇ ಕಟ್ಟಳೆ. ಇಂಗ್ಲಿಷಿನ ‘ಫ್ರೀ’ ಎಂಬ ಪದಕ್ಕೆ ಬಿಟ್ಟಿ ಎಂಬ ಅರ್ಥವೂ ಇರುವುದರಿಂದ ಅವರು ಜೀವನವಿಡೀ ವಿವರಣೆ ಕೊಡಬೇಕಾಯಿತು. ಕನ್ನಡದಲ್ಲಿ ‘ಉಚಿತ’ ಬೇರೆ, ‘ಮುಕ್ತ’ ಬೇರೆ. ನಮಗೆ ಆ ತೊಡಕಿಲ್ಲ.

ಗ್ನೂ ಯೋಜನೆಯವರು ಯುನಿಕ್ಸಿನ ನಕಲು ಸಾಧನಗಳನ್ನೆಲ್ಲ ತಮ್ಮದೇ ಆಗಿ ಹೊಸದಾಗಿ ಬರೆದರು. ‘ಡಿಡಿ’ ಕೂಡ ಅವುಗಳಲ್ಲಿ ಒಂದು. ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಲಿನಕ್ಸ್ 1992ರಲ್ಲಿ ಜಿಪಿಎಲ್ ಅಡಿಯಲ್ಲಿ ಬಂದಾಗ, ಈ ಸಾಧನಗಳು ಸಾಮಾನ್ಯ ಮನೆಯ ಗಣಕಕ್ಕೂ ಇಳಿದುಬಂದವು.

ನಮ್ಮ ದೇಶದ ಕಾನೂನು ಏನೆನ್ನುತ್ತದೆಂದು ನಿಮ್ಮಲ್ಲಿ ವಕೀಲರಾದವರು ಕೇಳಬಹುದು. 1957ರ ಕೃತಿಸ್ವಾಮ್ಯ ಕಾಯಿದೆಯ 52ನೆಯ ಪ್ರಕರಣಕ್ಕೆ 1994ರ ತಿದ್ದುಪಡಿ ಕೊಟ್ಟ ರೂಪದ ಪ್ರಕಾರ, ಗಣಕ ತಂತ್ರಾಂಶವನ್ನು ನ್ಯಾಯವಾಗಿ ಹೊಂದಿರುವವನು ನಷ್ಟ, ನಾಶ, ಹಾನಿಗಳಿಂದ ತಾತ್ಕಾಲಿಕ ರಕ್ಷಣೆಗಾಗಿ ಬ್ಯಾಕಪ್ ಪ್ರತಿ ಮಾಡಿಕೊಂಡರೆ ಅದು ಕೃತಿಸ್ವಾಮ್ಯದ ಉಲ್ಲಂಘನೆಯಲ್ಲ. ಅಂದರೆ ಕಾಯಿದೆ ನಮ್ಮ ನಷ್ಟವನ್ನು ತಡೆಯುವಷ್ಟು ಮಾತ್ರ ಬಾಗಿಲು ತೆರೆಯುತ್ತದೆ. ಮುಕ್ತ ತಂತ್ರಾಂಶವಾದರೋ ಆ ಪ್ರತಿಯನ್ನು ನೆರೆಯವನ ಕೈಗೂ ಕೊಡು ಎನ್ನುತ್ತದೆ. ನನ್ನ ಮನೆಗೆ ಆ ಸಿ.ಡಿ. ಬಂದದ್ದು ಈ ಎರಡನೆಯ ಬಾಗಿಲಿನಿಂದ.

ಇಡೀ ಡಿಸ್ಕಿನ ತದ್ರೂಪಿ ತೆಗೆಯುವ ಕೆಲಸವನ್ನು ಜನಪ್ರಿಯಗೊಳಿಸಿದ್ದು ಮಾತ್ರ ಮುಕ್ತವಲ್ಲದ ಒಂದು ತಂತ್ರಾಂಶವೆಂಬುದನ್ನು ಒಪ್ಪಿಕೊಳ್ಳಬೇಕು. ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ಮರ್ರೆ ಹ್ಯಾಸರ್ಡ್ ಎಂಬವರು 1995ರಲ್ಲಿ ‘ಘೋಸ್ಟ್’ ಎಂಬ ತಂತ್ರಾಂಶವನ್ನು ರಚಿಸಿದರು. ಒಂದು ಗಣಕವನ್ನು ಅಣಿಗೊಳಿಸಿ ಅದರ ಡಿಸ್ಕಿನ ಪ್ರತಿಯನ್ನು ಉಳಿದವುಗಳಿಗೆ ಇಳಿಸುವ ಉಪಾಯ ಕಚೇರಿಗಳಿಗೆ ವರದಾನವಾಯಿತು. 1998ರಲ್ಲಿ ಸಿಮ್ಯಾಂಟೆಕ್ ಸಂಸ್ಥೆ ಅದನ್ನು ಕೊಂಡುಕೊಂಡಿತು. ಮನೆಬಳಕೆಯ ನಾರ್ಟನ್ ಘೋಸ್ಟಿನ ಮಾರಾಟ 2013ರಲ್ಲಿ ನಿಂತುಹೋಯಿತು. 1974ರಲ್ಲಿ ಕಾಣಿಸಿಕೊಂಡ ‘ಡಿಡಿ’ ಇಂದಿಗೂ ಪ್ರತಿಯೊಂದು ಲಿನಕ್ಸ್ ಗಣಕದಲ್ಲಿಯೂ ಇದೆ. ಒಬ್ಬ ಒಡೆಯನ ಲಾಭನಷ್ಟಕ್ಕೆ ಕಟ್ಟಿಹಾಕಿದ ಸಾಧನಕ್ಕೂ ಎಲ್ಲರ ಕೈಯಲ್ಲಿರುವ ಸಾಧನಕ್ಕೂ ಇರುವ ವ್ಯತ್ಯಾಸವಿದು. ಹತ್ತು ವರ್ಷ ಕಳೆದು ಪೆಟ್ಟಿಗೆ ತೆರೆಯಬೇಕಾದವನಿಗೆ ಬೀಗದ ಕೈಯನ್ನು ಮಾಡುವವನು ಇನ್ನೂ ಇರಬೇಕು.

ಘೋಸ್ಟಿನ ಕೆಲಸವನ್ನು ಮುಕ್ತವಾಗಿ ಮಾಡುವ ಸಾಧನ ತೈವಾನಿನಿಂದ ಬಂದಿತು. ಅಲ್ಲಿನ ರಾಷ್ಟ್ರೀಯ ಉನ್ನತ ಗಣನ ಕೇಂದ್ರದ ಸ್ಟೀವನ್ ಶಿಯಾವ್ ಮತ್ತು ಅವರ ಸಂಗಡಿಗರು ಮೊದಲು ಹಾರ್ಡ್ ಡಿಸ್ಕೇ ಇಲ್ಲದ ಗಣಕಗಳನ್ನು ಒಂದು ಮುಖ್ಯ ಗಣಕದಿಂದ ನಡೆಸುವ ವ್ಯವಸ್ಥೆಯೊಂದನ್ನು ರೂಪಿಸಿದ್ದರು. ಗಣಕ ಪಾಠದ ಕೊಠಡಿಗಳಿಗೆ ಹೇಳಿ ಮಾಡಿಸಿದ ವ್ಯವಸ್ಥೆ ಅದು. ಅದರ ತಳಹದಿಯ ಮೇಲೆ 2000ರ ದಶಕದಲ್ಲಿ ‘ಕ್ಲೋನ್‌ಜಿಲ್ಲಾ’ ಬೆಳೆಯಿತು. ಅದರ ಒಂದು ರೂಪ ಒಂದೊಂದೇ ಗಣಕಕ್ಕೆ. ಇನ್ನೊಂದು ರೂಪ 40ಕ್ಕೂ ಹೆಚ್ಚು ಗಣಕಗಳಿಗೆ ಏಕಕಾಲದಲ್ಲಿ ಪ್ರತಿ ಇಳಿಸಬಲ್ಲದು. ಗಣಕ ಕೊಠಡಿಯ ಹೊಣೆ ಹೊತ್ತ ಶಿಕ್ಷಕರಿಗೆ ಇದರ ಬೆಲೆ ತಿಳಿದೀತು.

ಇದರ ಒಳಮರ್ಮ ಸರಳವಾಗಿದೆ. ‘ಡಿಡಿ’ ಖಾಲಿ ಜಾಗವನ್ನೂ ನಕಲು ಮಾಡುತ್ತದೆಯೆಂದೆನಲ್ಲವೆ? ಕ್ಲೋನ್‌ಜಿಲ್ಲಾ ಡಿಸ್ಕಿನ ಒಳವಿನ್ಯಾಸವನ್ನು ಓದಿ, ಬಳಕೆಯಾದ ಭಾಗಗಳನ್ನು ಮಾತ್ರ ನಕಲು ಮಾಡುತ್ತದೆ; ತನಗೆ ಪರಿಚಯವಿಲ್ಲದ ವಿನ್ಯಾಸ ಎದುರಾದರೆ ಮಾತ್ರ ಹಳೆಯ ‘ಡಿಡಿ’ಯ ಮೊರೆಹೋಗುತ್ತದೆ. ಪ್ರತಿಯನ್ನು ನೇರವಾಗಿ ಇನ್ನೊಂದು ಡಿಸ್ಕಿಗೆ ಇಳಿಸಬಹುದು; ಅಥವಾ ಸಂಕುಚಿಸಿ ‘ಇಮೇಜ್’ ರೂಪದಲ್ಲಿ ಇಟ್ಟುಕೊಂಡು ಬೇಕಾದಾಗ ಇಳಿಸಬಹುದು. ಸಾಮಾನ್ಯವಾಗಿ ಇಳಿಸುವ ಡಿಸ್ಕು ಮೂಲದಷ್ಟು ಅಥವಾ ಅದಕ್ಕಿಂತ ದೊಡ್ಡದಾಗಿರಬೇಕು. ಕೆಲಸ ನಡೆಯುವಾಗ ಗಣಕವನ್ನು ಅದರ ಸ್ವಂತ ಡಿಸ್ಕಿನಿಂದಲ್ಲದೆ ಸಿ.ಡಿ. ಅಥವಾ ಪೆನ್ ಡ್ರೈವಿನಿಂದ ಆರಂಭಿಸುವರು. ಹಾಜರಿ ಕರೆಯುವಾಗ ಮಕ್ಕಳು ಬೆಂಚು ಬದಲಿಸುತ್ತಿದ್ದರೆ ಲೆಕ್ಕ ತಪ್ಪುವುದಿಲ್ಲವೆ? ಹಾಗೆಯೇ, ನಕಲಾಗುತ್ತಿರುವ ಡಿಸ್ಕು ಬಳಕೆಯಲ್ಲಿರಬಾರದು. ಸಿ.ಡಿ.ಯಿಂದಲೇ ಪೂರ್ಣ ಲಿನಕ್ಸ್ ನಡೆಸುವ ಈ ಪದ್ಧತಿಯನ್ನು ಜನಪ್ರಿಯಗೊಳಿಸಿದ್ದು ಜರ್ಮನಿಯ ಕ್ಲಾಸ್ ನಾಪರ್ 2000ದಲ್ಲಿ ಹೊರತಂದ ‘ನಾಪಿಕ್ಸ್’.

ಕೆಟ್ಟ ಡಿಸ್ಕಿನಿಂದ ಅಳಿದುಳಿದದ್ದನ್ನು ಎತ್ತಲು ನನ್ನ ವಿದ್ಯಾರ್ಥಿ ಬಳಸಿದ್ದು ‘ಗ್ನೂ ಡಿಡಿರೆಸ್ಕ್ಯೂ’. ಅಂಟೋನಿಯೊ ಡಿಯಾಸ್ ಡಿಯಾಸ್ ಎಂಬವರು 2004ರಲ್ಲಿ ಹೊರತಂದ ತಂತ್ರಾಂಶ ಅದು. ‘ಡಿಡಿ’ ಓದಲಾಗದ ಜಾಗ ಸಿಕ್ಕ ಕೂಡಲೇ ಸಾಮಾನ್ಯವಾಗಿ ನಿಂತುಬಿಡುತ್ತದೆ. ಡಿಡಿರೆಸ್ಕ್ಯೂ ಹಾಗಲ್ಲ, ಮೊದಲು ಸುಲಭವಾಗಿ ಓದಬಹುದಾದುದನ್ನೆಲ್ಲ ಎತ್ತಿಕೊಂಡು, ಕಷ್ಟದ ಜಾಗಗಳನ್ನು ಪಟ್ಟಿ ಮಾಡಿಟ್ಟುಕೊಂಡು, ಆಮೇಲೆ ಮತ್ತೆ ಮತ್ತೆ ಅವುಗಳತ್ತ ಮರಳುತ್ತದೆ. ಸಾಯುತ್ತಿರುವ ಡಿಸ್ಕಿನ ಆಯುಸ್ಸು ಕಷ್ಟದ ಜಾಗದಲ್ಲಿಯೇ ಮುಗಿದುಹೋಗಬಾರದಲ್ಲ! ಪರೀಕ್ಷೆಯಲ್ಲಿ ತಿಳಿದ ಪ್ರಶ್ನೆಗಳನ್ನು ಮೊದಲು ಬರೆಯಿರಿ ಎಂದು ನಾನು ನಿಮಗೆ ಹೇಳುತ್ತಿದ್ದುದೂ ಇದನ್ನೇ.

ದಿನದಿನದ ಬ್ಯಾಕಪ್ಪಿಗೆ ಇಡೀ ಡಿಸ್ಕನ್ನು ನಕಲು ಮಾಡಬೇಕಾಗಿಲ್ಲ. ಆಸ್ಟ್ರೇಲಿಯಾದ ಕ್ಯಾನ್‌ಬೆರದಲ್ಲಿ ಆಂಡ್ರ್ಯೂ ಟ್ರಿಜೆಲ್ ಮತ್ತು ಪಾಲ್ ಮೆಕೆರಾಸ್ 1996ರಲ್ಲಿ ‘ಆರ್‌ಸಿಂಕ್’ ಎಂಬ ಸಾಧನವನ್ನು ಹೊರತಂದರು. ಹಳೆಯ ಪ್ರತಿ ಇರುವ ಕಡೆಯ ಗಣಕ ತನ್ನ ಕಡತವನ್ನು ತುಂಡುಗಳಾಗಿ ಭಾಗಿಸಿ, ಪ್ರತಿಯೊಂದು ತುಂಡಿಗೂ ಒಂದು ಲೆಕ್ಕಸಂಖ್ಯೆ ಹಾಕಿ ಕಳುಹಿಸುತ್ತದೆ. ಮೂಲವಿರುವ ಗಣಕ ಆ ಸಂಖ್ಯೆಗಳನ್ನು ತನ್ನ ಕಡತದೊಡನೆ ತಾಳೆ ನೋಡಿ, ಬದಲಾದ ತುಂಡುಗಳನ್ನು ಮಾತ್ರ ಕಳುಹಿಸುತ್ತದೆ. ಇದರಿಂದ ನಿಧಾನಗತಿಯ ತಂತಿಯ ಮೇಲೂ ದೂರದ ಊರಿನಲ್ಲಿ ಪ್ರತಿ ಇಡುವುದು ಸಾಧ್ಯವಾಯಿತು.

ಇಷ್ಟೆಲ್ಲ ಸಾಧನಗಳಿದ್ದೂ ಪ್ರತಿಗಳು ಕೈಕೊಡುವುದೇಕೆ? ಸಾಧನದ ಕೊರತೆಯಿಂದಲ್ಲ, ನೋಡದೆ ನಂಬುವುದರಿಂದ. 1998ರಲ್ಲಿ ಅಮೆರಿಕದ ಪಿಕ್ಸಾರ್ ಸಂಸ್ಥೆಯಲ್ಲಿ ‘ಟಾಯ್ ಸ್ಟೋರಿ 2’ ಚಿತ್ರ ತಯಾರಾಗುತ್ತಿದ್ದಾಗ ಯಾರೋ ಕೊಟ್ಟ ಒಂದು ಅಳಿಸುವ ಆದೇಶದಿಂದ ಚಿತ್ರದ ಶೇಕಡಾ 90ರಷ್ಟು ಕಡತಗಳು ಕಣ್ಣೆದುರೇ ಮಾಯವಾದವು. ಬ್ಯಾಕಪ್ ವ್ಯವಸ್ಥೆ ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲವೆಂಬುದು ಆಗಲೇ ತಿಳಿದದ್ದು. ಹೆರಿಗೆಯ ನಂತರ ಮನೆಯಿಂದ ಕೆಲಸ ಮಾಡುತ್ತಿದ್ದ ಗ್ಯಾಲಿನ್ ಸಸ್ಮನ್ ಎಂಬ ಮೇಲ್ವಿಚಾರಕಿಯ ಗಣಕದಲ್ಲಿ ಒಂದು ಪ್ರತಿ ಇತ್ತು. ಆ ಗಣಕವನ್ನು ಕಂಬಳಿಗಳಲ್ಲಿ ಸುತ್ತಿ, ಕಾರಿನ ಆಸನಕ್ಕೆ ಬಿಗಿದು, ಹಸುಗೂಸಿನಂತೆ ಕಚೇರಿಗೆ ತಂದರು. ಇನ್ನು 2017ರ ಜನವರಿ 31ರಂದು ಗಿಟ್‌ಲ್ಯಾಬ್ ಸಂಸ್ಥೆಯಲ್ಲಿ ತಜ್ಞರೊಬ್ಬರ ಕೈತಪ್ಪಿನಿಂದ ಮುಖ್ಯ ದತ್ತಸಂಚಯ ಅಳಿಯಿತು. ಇದ್ದ ಐದು ಬಗೆಯ ಬ್ಯಾಕಪ್ ಏರ್ಪಾಡುಗಳಲ್ಲಿ ಒಂದೂ ನೆಚ್ಚುವಂತಿರಲಿಲ್ಲವೆಂದು ಸಂಸ್ಥೆಯೇ ಬಹಿರಂಗವಾಗಿ ಒಪ್ಪಿಕೊಂಡಿತು. ಸುಮಾರು ಆರು ಗಂಟೆ ಹಿಂದಿನ ಪ್ರತಿಯೊಂದು ದೊರೆತುದರಿಂದ ಅವರು ಬದುಕಿಕೊಂಡರು. ಅದೇ ವರ್ಷದ ಮೇ ತಿಂಗಳಲ್ಲಿ 150 ದೇಶಗಳಿಗೆ ಹಬ್ಬಿದ ‘ವಾನಾಕ್ರೈ’ ಎಂಬ ಕುತಂತ್ರಾಂಶ ಕಡತಗಳಿಗೆ ಗುಪ್ತಲಿಪಿಯ ಬೀಗ ಜಡಿದು ಒತ್ತೆಹಣ ಕೇಳಿತು. ಗಣಕಕ್ಕೆ ಸದಾ ಜೋಡಿಸಿಯೇ ಇಟ್ಟ ಪ್ರತಿ ಇಂತಹ ಪಿಡುಗಿನಲ್ಲಿ ಮೂಲದೊಡನೆಯೇ ಹೋಗುತ್ತದೆ.

ಈಗ ನನ್ನ ತಪ್ಪಿನ ಎರಡನೆಯ ಭಾಗವನ್ನೂ ಹೇಳಬೇಕು. ಡಿಡಿರೆಸ್ಕ್ಯೂ ಎತ್ತಿಕೊಟ್ಟ ಕಡತಗಳನ್ನು ಆ ವಿದ್ಯಾರ್ಥಿ ತನ್ನ ಗಣಕದಲ್ಲಿ ತೆರೆದಾಗ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ ಕಂಡಿತು. ನಾನು ಬಳಸುತ್ತಿದ್ದುದು ಯೂನಿಕೋಡ್ ಪೂರ್ವದ ಫಾಂಟು. ಆ ಕಾಲದ ‘ನುಡಿ’, ‘ಬರಹ’ ಮೊದಲಾದ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಕನ್ನಡದ ಅಕ್ಷರಭಾಗಗಳನ್ನು ರೋಮನ್ ಅಕ್ಷರಗಳ ಸಂಕೇತಗಳಲ್ಲಿಯೇ ಕೂರಿಸಿದ್ದರು. ಕಡತ ಉಳಿದರೂ ಫಾಂಟು ಇಲ್ಲದಿದ್ದರೆ ಓದು ಇಲ್ಲ. ಹಳೆಯ ಕನ್ನಡ ಬರಹಗಳನ್ನು ಇಟ್ಟುಕೊಂಡವರಿಗೆ ಇಡೀ ಡಿಸ್ಕಿನ ತದ್ರೂಪಿ ಏಕೆ ಮುಖ್ಯವೆಂಬುದು ನನಗೆ ಅಂದು ಹೊಳೆಯಿತು: ಅದು ಕಡತದ ಜೊತೆಗೆ ಅದನ್ನು ಓದುವ ತಂತ್ರಾಂಶವನ್ನೂ ಫಾಂಟನ್ನೂ ಉಳಿಸುತ್ತದೆ. ತದ್ರೂಪಿ ತೆಗೆದ ಮೇಲೆ ಬರಹಗಳನ್ನು ಯೂನಿಕೋಡಿಗೆ ಪರಿವರ್ತಿಸಿಕೊಳ್ಳುವುದೂ ಅಗತ್ಯ. ಅದಕ್ಕೂ ಮುಕ್ತ ಪರಿವರ್ತಕಗಳಿವೆ.

ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋ 2000ರ ದಶಕದಲ್ಲಿ ಒಂದು ಸೂತ್ರವನ್ನು ಪ್ರಚಾರಕ್ಕೆ ತಂದರು: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಊರಿನಲ್ಲಿ ಅಥವಾ ಬೇರೆ ಮನೆಯಲ್ಲಿ. ಮೂಲವೂ ಸೇರಿ ಮೂರು. ನನ್ನ ಅನುಭವದಿಂದ ನಾನು ಇದಕ್ಕೆ ಇನ್ನೊಂದನ್ನು ಸೇರಿಸುತ್ತೇನೆ: ಪ್ರತಿಯನ್ನು ತೆರೆದು ಓದಿ ನೋಡಿರಿ. ಪಾಠ ಒಪ್ಪಿಸುವವರೆಗೆ ವಿದ್ಯಾರ್ಥಿ ಕಲಿತನೆಂದು ಮೇಷ್ಟ್ರು ಒಪ್ಪುವುದಿಲ್ಲ. ಓದಿ ನೋಡುವವರೆಗೆ ಪ್ರತಿ ಇದೆಯೆಂದು ನೀವೂ ಒಪ್ಪಬೇಡಿ.

ಪ್ರತಿ ವರ್ಷ ಆಯುಧಪೂಜೆಯ ಹಿಂದಿನ ದಿನ ನಾನು ಕ್ಲೋನ್‌ಜಿಲ್ಲಾದ ಪೆನ್ ಡ್ರೈವಿನಿಂದ ಗಣಕವನ್ನು ಆರಂಭಿಸಿ, ಹೊರಗಿನ ಡಿಸ್ಕಿಗೆ ಇಮೇಜ್ ತೆಗೆಯುತ್ತೇನೆ. ಮಾರನೆಯ ದಿನ ಗಣಕಕ್ಕೆ ಕುಂಕುಮ ಹಚ್ಚುವುದು ಅದಾದ ಮೇಲೆಯೇ. ಒಂದು ಡಿಸ್ಕು ಬೀರುವಿನಲ್ಲಿರುತ್ತದೆ. ಇನ್ನೊಂದು ಮೈಸೂರಿನಲ್ಲಿ ಮಗಳ ಮನೆಯಲ್ಲಿ. ಅವಳು ಬಂದುಹೋದಾಗಲೆಲ್ಲ ಎರಡೂ ಸ್ಥಳ ಬದಲಿಸುತ್ತವೆ. ತಿಂಗಳಿಗೊಮ್ಮೆ ಯಾವುದಾದರೂ ಒಂದು ಹಳೆಯ ಕಡತವನ್ನು ಪ್ರತಿಯಿಂದ ತೆರೆದು ಓದುತ್ತೇನೆ. ಇದಕ್ಕೆ ತಗಲುವುದು ಎರಡು ಡಿಸ್ಕುಗಳ ಬೆಲೆ ಮತ್ತು ವರ್ಷಕ್ಕೆ ಒಂದು ಸಂಜೆ. ಮದುವೆಯ ಚಿತ್ರಗಳು, ಮಕ್ಕಳ ಮೊದಲ ಮಾತು, ತಂದೆತಾಯಿಯರ ಧ್ವನಿ ಇವೆಲ್ಲ ಒಂದೇ ಒಂದು ಕೈಫೋನಿನಲ್ಲಿಯೋ ಒಂದೇ ಲ್ಯಾಪ್‌ಟಾಪಿನಲ್ಲಿಯೋ ಇರುವವರು ನಿಮ್ಮಲ್ಲಿ ಎಷ್ಟು ಮಂದಿಯೋ ತಿಳಿಯದು. ಈ ವಾರವೇ ಒಂದು ಪ್ರತಿ ತೆಗೆದು, ತೆರೆದು ನೋಡಿ, ಬೇರೆ ಮನೆಯಲ್ಲಿಡಿ. ಪರೀಕ್ಷೆಯಲ್ಲಿ ಬೇಡವೆಂದ ಮೇಷ್ಟ್ರೇ ಈಗ ಅನುಮತಿ ಕೊಡುತ್ತಿದ್ದೇನೆ.

ಕೊನೆಯದಾಗಿ ಒಂದು ಬೇಡಿಕೆ. ನಮ್ಮ ಕನ್ನಡ ಪಂಡಿತರು ತರಗತಿಯಲ್ಲಿ ಪಾಠದ ನಡುವೆ ಶಾಲೆಯ ಆರಂಭದ ದಿನಗಳನ್ನು ವರ್ಣಿಸುತ್ತಿದ್ದುದು ನಿಮಗೆ ನೆನಪಿರಬಹುದು. ನಿಮ್ಮಲ್ಲಿ ಯಾರಾದರೂ ಅದನ್ನು ಟಿಪ್ಪಣಿ ಪುಸ್ತಕದ ಅಂಚಿನಲ್ಲಿ ಬರೆದುಕೊಂಡಿದ್ದರೆ, ಅಥವಾ ನೆನಪಿನಿಂದ ನಾಲ್ಕು ಸಾಲು ಬರೆಯಬಲ್ಲಿರಾದರೆ, ದಯವಿಟ್ಟು ನನಗೆ ಕಳುಹಿಸಿರಿ. ಹದಿನೆಂಟು ಪುಟಗಳು ಮರಳಿ ಬಾರವು. ಆದರೆ ನೂರು ಮಂದಿಯ ನೆನಪಿನಲ್ಲಿ ಒಂದೊಂದು ತುಂಡು ಉಳಿದಿದ್ದರೆ ಅವುಗಳನ್ನು ಜೋಡಿಸಲು ನಾನು ಸಿದ್ಧನಿದ್ದೇನೆ. ಈ ಬಾರಿ ಮೂರು ಪ್ರತಿ ಮಾಡಿ ಇಡುತ್ತೇನೆ.

ಎಲ್ಲರಿಗೂ ಶುಭವಾಗಲಿ.

ನಿಮ್ಮ ಮೇಷ್ಟ್ರು